ಸುಧನ್ವನ ಹಾಸಿಗೆ

ಕಡಲ ನಡುವೆ ಕಂಬಗಳ ಮೇಲೆ ನಿಂತು ಗ್ಯಾಸ್ ತೆಗೆಯುವ ಅಟ್ಟಣೆಗಳ ನಕ್ಷೆ ಬರೆಯುವುದರಲ್ಲಿ ಕೊರಗಪ್ಪ ಮಾಸ್ತರರದು ಪಳಗಿದ ಕೈ. ವಯಸ್ಸಾದ ಮೇಲೆ ದಂಡೆಯಲ್ಲೊಂದು ತೆಂಗಿನ ಮಡಲಿನ ಮಾಡು ಹಾಕಿಕೊಂಡು ಕೂತರು. ಕಲಿಯುವವರು ಅಲ್ಲಿಗೇ ಬಂದರು.

ಅಲ್ಲೊಂದು ಕಟ್ಟಳೆ. ನಕ್ಷೆ ಬರೆದವನು, ಅದರಲ್ಲಿ ಕೆಲಸಗಾರರು ಮಲಗುವ ಕೋಣೆಯ ಒಂದು ಹಾಸಿಗೆಯ ಮೇಲೆ ತನ್ನ ಹೆಸರು ಬರೆಯಬೇಕು. ಅಟ್ಟಣೆ ಎದ್ದ ಮೇಲೆ ಮೊದಲ ತಿಂಗಳು ಅಲ್ಲೇ ಮಲಗಬೇಕು.

ಶಿಷ್ಯ ಸುಧನ್ವ ತನ್ನ ಮೊದಲ ನಕ್ಷೆ ತಂದ. ಅರವತ್ತು ಜನರ ಅಟ್ಟಣೆ. ಮಾಸ್ತರರು ಹೂಂ ಅಂದರೆ ನಾಳೆಯೇ ಕಬ್ಬಿಣ ಕೊಯ್ಯುವುದು.

ಮಾಸ್ತರರು ಯಂತ್ರ ನೋಡಲಿಲ್ಲ, ಕೊಳವೆ ನೋಡಲಿಲ್ಲ. ಹೆಸರು ಹುಡುಕಿದರು. ಸರಕಿನ ಗುಣ ತಿಳಿಯಬೇಕಾದರೆ, ಅಂಗಡಿಯವನು ತನ್ನ ಮನೆಗೆ ಯಾವುದನ್ನು ಒಯ್ಯುತ್ತಾನೆ ಅಂತ ನೋಡಬೇಕು.

"ಒಳ್ಳೆಯ ಜಾಗ ಹಿಡಿದಿದ್ದೀ. ಬಾಗಿಲು ದಾಟಿದರೆ ಪಾರಾಗುವ ದೋಣಿ."

"ಸುಮ್ಮನೆ ಬರೆದೆ, ಮಾಸ್ತರೇ."

"ಸುಮ್ಮನೆ ಯಾರೂ ಬಾಗಿಲ ಹತ್ತಿರ ಮಲಗುವುದಿಲ್ಲ, ಮಾರಾಯ. ಆ ಕೊನೆಯ ಹಾಸಿಗೆ ಯಾರದು?"

"ಇನ್ನೂ ಯಾರದೂ ಅಲ್ಲ."

"ಇವತ್ತು ನಿನ್ನದು."

ಮರಳಿನ ಮೇಲೆ ನಕ್ಷೆಯನ್ನು ಅಳತೆಗೆ ಸರಿಯಾಗಿ ಗೀರಿಸಿದರು. ಗೋಡೆ ಇದ್ದಲ್ಲೆಲ್ಲ ಮಡಲು ನಿಲ್ಲಿಸಿದರು. ಕೊನೆಯ ಹಾಸಿಗೆಯ ಜಾಗದಲ್ಲಿ ಸುಧನ್ವನನ್ನು ಮಲಗಿಸಿದರು. ಗ್ಯಾಸ್ ಒತ್ತುವ ಕಂಪ್ರೆಸರಿನ ಜಾಗದಲ್ಲಿ ಹಸಿ ತೆಂಗಿನ ಸಿಪ್ಪೆ ಪೇರಿಸಿ, ಬೆಂಕಿ ಹಚ್ಚಿದರು.

"ದೋಣಿಗೆ ಹೋಗು. ನೀನು ಬರೆದ ದಾರಿಯಲ್ಲೇ."

ಬರೆದದ್ದು ಒಂದೇ ದಾರಿ. ಕೊಳವೆಯ ಉದ್ದ ಉಳಿಸಲು ಹೋಗಿ ಅವನು ಕಂಪ್ರೆಸರನ್ನು ಆ ದಾರಿಯ ಮಗ್ಗುಲಿಗೇ ತಂದಿದ್ದ. ಕಡಲಿನಿಂದ ಬೀಸುತ್ತಿದ್ದ ಪಡುಗಾಳಿ ಹೊಗೆಯನ್ನು ತಂದು ಮುಖಕ್ಕೆ ಸುರಿಯಿತು. ನಾಲ್ಕು ಹೆಜ್ಜೆಗೆ ಕಣ್ಣು ಹೋಯಿತು, ಆರಕ್ಕೆ ಉಸಿರು ಕಟ್ಟಿತು. ಎಡವೋ ಬಲವೋ ತಿಳಿಯದು. ಇದೇ ಓಣಿಯಲ್ಲಿ ಅರವತ್ತು ಜನ ಒಬ್ಬರನ್ನೊಬ್ಬರು ತುಳಿಯುವ ಸದ್ದು ಕಿವಿಗೆ ಬಿದ್ದಂತಾಯಿತು. ಮಡಲು ಕೆಡವಿಕೊಂಡು ಓಡಿ ನೀರಿಗೆ ಬಿದ್ದ.

"ಅಲ್ಲಿ ಗೋಡೆ ಕಬ್ಬಿಣದ್ದು," ಅಂದರು ಮಾಸ್ತರರು.

ಸುಧನ್ವ ನೀರಿನಿಂದ ಎದ್ದು ಬಂದ. "ನಾಳೆಯ ಕೆಲಸ, ಮಾಸ್ತರೇ?"

"ಕಬ್ಬಿಣ ಕಾಯುತ್ತದೆ. ಅದಕ್ಕೇನು ಉಸಿರಾಡಬೇಕೇ?"

ಮೂರು ತಿಂಗಳು ಕಳೆಯಿತು. ಸುಧನ್ವ ಹೊಸ ನಕ್ಷೆ ತಂದ. ಕಂಪ್ರೆಸರು ಅಟ್ಟಣೆಯ ಮೂಡಣ ತುದಿಗೆ ಹೋಗಿತ್ತು. ಹಾಸಿಗೆಗಳು ಪಡುವಣಕ್ಕೆ ಬಂದಿದ್ದವು. ನಡುವೆ ಬೆಂಕಿ ತಡೆಯುವ ಗೋಡೆ. ದಾರಿ ಎರಡು, ಎರಡೂ ಮಗ್ಗುಲಲ್ಲಿ ದೋಣಿ.

ಮಾಸ್ತರರು ಹುಡುಕಿದರು. "ಹೆಸರೆಲ್ಲಿ?"

"ಬರೆಯಲು ಆಗಲಿಲ್ಲ. ಯಾವ ಹಾಸಿಗೆ ನೋಡಿದರೂ ಅದರಲ್ಲಿ ನಾನೇ ಮಲಗಿದ ಹಾಗೆ ಕಾಣುತ್ತದೆ."

ಮಾಸ್ತರರು ಅಂಗಳಕ್ಕಿಳಿದು, ಒಂದು ಹಿಡಿ ಮರಳು ಎತ್ತಿ ಗಾಳಿಗೆ ಬಿಟ್ಟರು. ಅದು ಪಡುವಣಕ್ಕೆ, ಕಡಲ ಕಡೆಗೆ ಹಾರಿತು. ಮತ್ತೆ ಹಸಿ ಸಿಪ್ಪೆಯ ಬುಟ್ಟಿ ತೆಗೆದುಕೊಂಡರು.

"ನಡಿ. ಇವತ್ತು ಗಾಳಿ ತಿರುಗಿದೆ."