ಕಳ್ಳ ಕ್ಯಾಸೆಟ್ಟು ಕಾಪಾಡಿದ ಶಿಳ್ಳೆ

ಮುಚ್ಚಿದ ಚಿತ್ರಮಂದಿರದ ಕಪಾಟಿನಲ್ಲಿ ಸಿನಿಮಾದ ರೀಲು ಡಬ್ಬಿಯೊಂದಿತ್ತು. ಪಕ್ಕದಲ್ಲೇ ವಿಡಿಯೋ ಕ್ಯಾಸೆಟ್ಟು. ಅದೇ ಸಿನಿಮಾವನ್ನು ಯಾರೋ ಬಾಲ್ಕನಿಯಲ್ಲಿ ಕೂತು ಕದ್ದು ಚಿತ್ರೀಕರಿಸಿ ಮಾರುವಾಗ, ಮ್ಯಾನೇಜರ್ ಕಿತ್ತುಕೊಂಡು ತಂದಿಟ್ಟ ಕ್ಯಾಸೆಟ್ಟದು.

"ಕಳ್ಳಾ, ದೂರ ಸರಿ!" ಎಂದು ಡಬ್ಬಿ ದಿನವೂ ಗದರುತ್ತಿತ್ತು.

ಒಂದು ದಿನ ಹಾರ್ಡ್ ಡಿಸ್ಕ್ ಬಂತು. "ಅಜ್ಜಾ, ನಿಮ್ಮ ಸಿನಿಮಾ ಕೊಡಿ. ಮನೆಮನೆಗೂ ತಲುಪಿಸುತ್ತೇನೆ."

ಡಬ್ಬಿ ಸಂಭ್ರಮದಿಂದ ಮುಚ್ಚಳ ತೆರೆಯಿತು. ರೀಲು ಅಂಟಿಕೊಂಡು ಮುದ್ದೆಯಾಗಿತ್ತು.

ಕ್ಯಾಸೆಟ್ಟು ಮೆಲ್ಲಗೆ ಹೇಳಿತು: "ನನ್ನ ಹತ್ತಿರ ಪೂರ್ತಿ ಇದೆ. ನಿಮ್ಮದೇ, ತಗೊಳ್ಳಿ."

ಹಾರ್ಡ್ ಡಿಸ್ಕ್ ನೋಡಿ, "ನಡುನಡುವೆ ಜನರ ಶಿಳ್ಳೆ ಕೇಳಿಸುತ್ತದೆ. ಅಳಿಸಿಬಿಡುತ್ತೇನೆ" ಎಂದಿತು.

"ಬೇಡಪ್ಪಾ," ಡಬ್ಬಿ ತಡೆಯಿತು. "ಸಿನಿಮಾವನ್ನೇ ನಾನು ಉಳಿಸಿಕೊಳ್ಳಲಿಲ್ಲ. ನನಗೆ ಬಿದ್ದ ಶಿಳ್ಳೆಯನ್ನೂ ಜೋಪಾನವಾಗಿಟ್ಟವನು ಇವನು."