ಅಕ್ಕನ ಬಿಲ್ಲೆ, ತಂಗಿಯ ಬಿಲ್ಲೆ

ಒಂದಾನೊಂದು ಕಾಲದಲ್ಲಿ, ಹೊಳೆ ಹೋಗಿ ಸಮುದ್ರ ಸೇರೋ ಕಡೆ, ಬೆಳ್ಳಕ್ಕಿ ಕುದ್ರು ಅಂತ ಒಂದು ಪುಟ್ಟ ದ್ವೀಪ ಇತ್ತಂತೆ ಮಗಾ. ಕಾಲು ಕಂಬಳಿ ಒಳಗೆ ಎಳ್ಕೋ, ಹೇಳ್ತೀನಿ. ಆಚೆ ದಡದ ರಾಜನ ದುಡ್ಡು ಅಲ್ಲಿ ನಿಲ್ತಾನೇ ಇರಲಿಲ್ಲವಂತೆ, ಬಂದಷ್ಟೂ ಅಕ್ಕಿ ಬೆಲ್ಲ ತರೋಕೆ ಅಂತ ವಾಪಸ್ ದೋಣಿ ಹತ್ತಿಬಿಡ್ತಿತ್ತಂತೆ. ಅದಕ್ಕೆ ಕುದ್ರಿನವರು ತಮಗೇ ಅಂತ ಒಂದು ನಾಣ್ಯ ಮಾಡ್ಕೊಂಡಿದ್ರಂತೆ. ಚಿನ್ನದ್ದಲ್ಲ, ತಾಮ್ರದ್ದಲ್ಲ, ಸುಟ್ಟ ಮಣ್ಣಿನ ಬಿಲ್ಲೆ, ಮೇಲೊಂದು ಏಡಿ ಚಿತ್ರ. ಒಂದು ಬಿಲ್ಲೆಗೆ ಒಂದು ತೆಂಗಿನಕಾಯಿ, ಎರಡಕ್ಕೆ ಒಂದು ಬುಟ್ಟಿ ಮೀನು.

ಆ ಬಿಲ್ಲೆ ಮಾಡ್ತಿದ್ದೋನು ಒಬ್ಬ ಕುಂಬಾರ. ಅವನಿಗೆ ಇಬ್ಬರು ಹೆಣ್ಣುಮಕ್ಕಳು, ದೊಡ್ಡೋಳು ದುಗ್ಗಮ್ಮ, ಚಿಕ್ಕೋಳು ಮಂಕಾಳಿ. ತಾಯಿಲ್ಲದ ತಂಗೀನ ದುಗ್ಗಮ್ಮನೇ ಸೊಂಟದ ಮೇಲೆ ಹೊತ್ತು ಸಾಕಿದ್ಲಂತೆ. ಆಮೇಲೆ ಒಂದಿನ, ದುಗ್ಗಮ್ಮ ಆಚೆ ದಡಕ್ಕೆ ಮಡಕೆ ಮಾರೋಕೆ ಹೋದಾಗ, ಕುಂಬಾರ ತೀರ್ಕೊಂಡನಂತೆ. ಹತ್ತಿರ ಇದ್ದೋಳು ಮಂಕಾಳಿ, ಅದಕ್ಕೆ ಬಿಲ್ಲೆ ಒತ್ತೋ ಏಡಿ ಅಚ್ಚನ್ನ ಅವಳ ಕೈಗಿಟ್ಟು ಕಣ್ಣು ಮುಚ್ಚಿದನಂತೆ. ಊರ ಯಜಮಾನನೂ ಇನ್ಮೇಲೆ ಬಿಲ್ಲೆ ಮಾಡೋಳು ಇವಳೇ ಅಂದುಬಿಟ್ಟನಂತೆ.

ದುಗ್ಗಮ್ಮನ ಹೊಟ್ಟೆಯೊಳಗೆ ಮಡಕೆ ಸುಡೋ ಆವಿಗೆನೇ ಹೊತ್ಕೊಂಡಂಗಾಯ್ತಂತೆ. ಮೀನಿನ ಬುಟ್ಟೀಲಿ ತಂಗಿ ಬಿಲ್ಲೆ, ಹೆಂಗಸರ ಸೆರಗಿನ ಗಂಟಲ್ಲಿ ತಂಗಿ ಬಿಲ್ಲೆ. ಅವಳಿಗೆ ಅನ್ನ ಸೇರ್ತಿರಲಿಲ್ಲವಂತೆ.

ಆಮೇಲೆ ಅವಳೇ ಒಂದು ಬಿಲ್ಲೆ ಮಾಡಿದ್ಲಂತೆ, ಮೇಲೆ ಗರಿ ಬಿಚ್ಚಿದ ನವಿಲು. ಗಾಣದ ನರಸಿ ಹತ್ರ ಹೋಗಿ ಎಣ್ಣೆ ಕೊಡು ಅಂದ್ಲಂತೆ. ಅವನು ಬಿಲ್ಲೇನ ತಿರುಗಿಸಿ ತಿರುಗಿಸಿ ನೋಡಿ, ಎಷ್ಟು ಚಂದ ಇದೆ ಅಕ್ಕಾ, ನನ್ನ ಮಗಳ ಕೊರಳಿಗೆ ಕಟ್ತೀನಿ, ಈಗ ಎಣ್ಣೆಗೆ ಏಡಿ ಬಿಲ್ಲೆ ಕೊಡು ಅಂದನಂತೆ! ಅವಳು ಬರಿಗೈಲಿ ಮನೆಗೆ ಬಂದ್ಲಂತೆ.

ಎರಡನೇ ಸಲ ಏನು ಮಾಡಿದ್ಲು ಗೊತ್ತಾ? ಮನೆಮನೆಗೂ ಹೋಗಿ, ಮಂಕಾಳಿ ಬಿಲ್ಲೆ ನೀರು ಬಿದ್ರೆ ಕರಗುತ್ತೆ ಅಂತ ಕಿವಿ ಊದಿದ್ಲಂತೆ. ಮೀನುಗಾರ ಹೆಂಗಸರು ಬಿಲ್ಲೇನ ಮೂರು ದಿನ ಉಪ್ಪುನೀರಲ್ಲಿ ನೆನೆಸಿಟ್ಟು ನೋಡಿದ್ರಂತೆ. ಕರಗಲಿಲ್ಲ, ಇನ್ನೂ ಫಳಫಳ ಹೊಳೀತಂತೆ.

ಮೂರನೇ ಸಲ ದುಗ್ಗಮ್ಮ ಗುಟ್ಟಾಗಿ ತಂಗಿ ಹತ್ರ ಇದ್ದಂಥದ್ದೇ ಇನ್ನೊಂದು ಏಡಿ ಅಚ್ಚು ಕೆತ್ತಿದ್ಲಂತೆ. ಬುಟ್ಟಿಗಟ್ಟಲೆ ಬಿಲ್ಲೆ ಸುಟ್ಟು, ಸಿಕ್ಕ ಸಿಕ್ಕ ಕಡೆ ಕೊಟ್ಟು ಖರ್ಚು ಮಾಡಿದ್ಲಂತೆ. ಆಮೇಲೆ ಎಲ್ಲರ ಹತ್ರನೂ ರಾಶಿ ಬಿಲ್ಲೆ ಆಗಿ, ಒಂದು ತೆಂಗಿನಕಾಯಿಗೆ ಹತ್ತು, ಆಮೇಲೆ ಇಪ್ಪತ್ತು, ಆಮೇಲೆ ಮೀನಿನವಳು ನಿನ್ನ ಬಿಲ್ಲೆ ನೀನೇ ತಿನ್ನು ಅಂದುಬಿಟ್ಟಳಂತೆ. ಮನೆಯ ಕೂಸುಗಳಿಗೆ ಗಂಜಿ ಕಾಯಿಸೋಕೂ ಬಿಲ್ಲೆಗೆ ಯಾರೂ ಅಕ್ಕಿ ಕೊಡಲಿಲ್ಲವಂತೆ.

ಜನ ರೊಚ್ಚಿಗೆದ್ದು ಮಂಕಾಳೀನ ದೋಣಿ ಕಟ್ಟೆಗೆ ಎಳ್ಕೊಂಡು ಬಂದ್ರಂತೆ. ಯಜಮಾನ ಬಿಲ್ಲೆ ರಾಶಿ ತೋರಿಸಿ, ಇಷ್ಟೂ ನೀನೇ ಮಾಡಿದ್ದಾ, ಹೌದಾದ್ರೆ ಕುದ್ರು ಬಿಟ್ಟು ಹೋಗಬೇಕು ಅಂದನಂತೆ. ಮಂಕಾಳಿ ಒಂದು ಬಿಲ್ಲೆ ಎತ್ತಿ ಬೆರಳಾಡಿಸಿದ್ಲಂತೆ. ಅಕ್ಕನ ಕೈ ಅವಳಿಗೆ ಗೊತ್ತಾಗಲ್ವಾ? ಗೊತ್ತಾಯ್ತು. ಆದ್ರೂ ತಲೆ ಬಗ್ಗಿಸಿ, ಹೌದು, ಎಲ್ಲಾ ನಾನೇ ಮಾಡಿದ್ದು ಅಂದು ದೋಣಿಗೆ ಕಾಲಿಟ್ಟಳಂತೆ.

ಗುಂಪಲ್ಲಿ ನಿಂತಿದ್ದ ದುಗ್ಗಮ್ಮನಿಗೆ ಖುಷಿ ಆಗ್ಬೇಕಿತ್ತು ಅಲ್ವಾ? ಆಗಲಿಲ್ಲ. ಅಯ್ಯೋ, ನನ್ನ ಕೆಲಸಕ್ಕೂ ಇವಳದ್ದೇ ಹೆಸರಾ ಅಂತ ಇನ್ನೂ ಜಾಸ್ತಿ ಹೊಟ್ಟೆ ಉರೀತಂತೆ. ತಡ್ಕೊಳ್ಳೋಕೆ ಆಗದೆ ಮುಂದೆ ನುಗ್ಗಿ ಕಿರುಚಿದ್ಲಂತೆ.

"ಸುಳ್ಳು! ಇವಳಿಗೆ ಬರುತ್ತೇನ್ರೋ ಇಷ್ಟು ಚಂದದ ಏಡಿಕಾಲು? ಇದೆಲ್ಲ ನಂದು, ನಾನು ಮಾಡಿದ್ದು!"

ಕಟ್ಟೆ ಮೇಲಿದ್ದೋರೆಲ್ಲ ಅವಳ ಕಡೆ ತಿರುಗಿದ್ರಂತೆ. ದುಗ್ಗಮ್ಮ ಬಾಯಿ ಮುಚ್ಕೊಂಡ್ಲಂತೆ, ಆದ್ರೆ ಮಾತು ಹೊರಗೆ ಬಂದಾಗಿತ್ತು. ಮಂಕಾಳಿ ದೋಣಿಯಿಂದಲೇ, ಹೌದಕ್ಕಾ, ನನಗೆ ಬರಲ್ಲ, ನೀನು ಹೇಳಿಕೊಟ್ಟರೆ ಕಲೀತೀನಿ ಅಂದ್ಲಂತೆ. ಆಗ ದುಗ್ಗಮ್ಮ ಅಲ್ಲೇ ಕುಸಿದು ಕೂತು ಗೋಳೋ ಅಂತ ಅತ್ತಳಂತೆ.

ಆಮೇಲೆ ಯಜಮಾನ ಯೋಚನೆ ಮಾಡಿ, ಹೆಚ್ಚಾದ ಬಿಲ್ಲೆ ಎಲ್ಲಾ ದುಗ್ಗಮ್ಮ ತನ್ನ ಕೈಯಾರೆ ಕುಟ್ಟಿ ಪುಡಿ ಮಾಡ್ಬೇಕು, ಇನ್ಮೇಲೆ ಬಿಲ್ಲೆಗೆ ಒಂದು ಕಡೆ ತಂಗಿ ಏಡಿ, ಇನ್ನೊಂದು ಕಡೆ ಅಕ್ಕನ ನವಿಲು, ಎರಡೂ ಇದ್ರೇನೇ ನಾಣ್ಯ ಅಂದನಂತೆ. ದುಗ್ಗಮ್ಮ ಒಂದು ತಿಂಗಳು ಒನಕೆ ಹಿಡಿದು ಕುಟ್ಟಿದ್ಲಂತೆ. ಪಕ್ಕದಲ್ಲಿ ಮಂಕಾಳೀನೂ ಒಂದು ಒನಕೆ ಹಿಡಿದ್ಲಂತೆ. ತೆಂಗಿನಕಾಯಿ ಮತ್ತೆ ಒಂದು ಬಿಲ್ಲೆಗೇ ಬಂತಂತೆ.

ಹೊಟ್ಟೆಕಿಚ್ಚು ಪೂರ್ತಿ ಹೋಯ್ತಾ ಅಂತೀಯಾ? ಪೂರ್ತಿ ಎಲ್ಲಿ ಹೋಗುತ್ತೆ ಕಂದಾ. ಮಕ್ಕಳು ಬಿಲ್ಲೆ ಚಿಮ್ಮಿ ಆಡುವಾಗ ನವಿಲು ಮೇಲೆ ಬಿತ್ತಾ, ಏಡಿ ಮೇಲೆ ಬಿತ್ತಾ ಅಂತ ದುಗ್ಗಮ್ಮ ಕೆಲಸ ಬಿಟ್ಟು ಬಗ್ಗಿ ನೋಡ್ತಿದ್ಲಂತೆ. ಏಡಿ ಬಿದ್ರೆ ಮುಖ ಊದಿಸ್ಕೊಂಡೇ, ತಂಗೀನ ಬಾರೇ ಊಟಕ್ಕೆ ಅಂತ ಕರೀತಿದ್ಲಂತೆ. ಅವರಿಬ್ಬರೂ ಉಂಡು ಮಲಗಿದ್ರು, ನನ್ನ ಕತೇನೂ ಅಲ್ಲಿಗೆ ಮುಗೀತು, ಇನ್ನು ನಿನ್ನ ಕಣ್ಣೊಂದು ಮುಚ್ಚೋದು ಬಾಕಿ.