ಹಗಲುವೇಷಕ್ಕೆ ಹೊರಟ ಚೆನ್ನಿಗ

ಸುಮ್ಮನೆ ಮಲಗಿದ್ರೆ ಹೇಳ್ತೀನಿ, ಕಾಲು ಆಡಿಸಿದ್ರೆ ಇಲ್ಲ. ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ನನ್ನ ಕೇಳಬೇಡ, ಹಗ್ಗ ಹೊಸೆಯೋ ಹೊನ್ನಕ್ಕ ಅನ್ನೋಳಿಗೆ ಮೂರು ಜನ ಗಂಡುಮಕ್ಕಳಿದ್ರಂತೆ. ದೊಡ್ಡೋನು ನಾರು ಬಡೀತಿದ್ದ, ನಡುವಿನೋನು ಹುರಿ ಮಾಡ್ತಿದ್ದ, ಕೊನೆಯೋನು ಚೆನ್ನಿಗ ಹಗ್ಗದ ತುದಿ ಹಿಡ್ಕೊಂಡು ನಿಂತು ದಾರೀಲಿ ಹೋಗೋ ಬರೋರ ನಡಿಗೆ ನಕಲು ಮಾಡ್ತಿದ್ದನಂತೆ. ಹಗ್ಗ ಸಡಿಲ ಬೀಳ್ತಿತ್ತು, ಅಣ್ಣಂದಿರು ಬೈತಿದ್ರು, ಇವನ ಕಿವಿಗೆ ಅದ್ಯಾವುದೂ ಹೋಗ್ತಿರಲಿಲ್ಲ.

ಹೀಗಿರುವಾಗ ಆ ಊರಿಗೆ ಹಗಲುವೇಷದೋರು ಬಂದ್ರಂತೆ. ಅವರದ್ದು ನಾಟಕದ ಹಾಗಲ್ಲ, ಪರದೆ ಇಲ್ಲ, ದೀಪ ಇಲ್ಲ. ಸುಡು ಬಿಸಿಲಲ್ಲೇ ಒಂದಿನ ಹಾವಾಡಿಗ, ಒಂದಿನ ಸನ್ಯಾಸಿ ಆಗಿ ಮನೆ ಮುಂದೆ ಬಂದು ನಿಲ್ಲೋದು, ನೋಡಿದೋರು ನಿಜ ಅಂತಲೇ ನಂಬಬೇಕು. ಚೆನ್ನಿಗ ಅವರ ಹಿರಿಯ ಗುರುಪಾದಯ್ಯನ ಹತ್ರ ಹೋಗಿ ನನ್ನನ್ನೂ ಸೇರಿಸ್ಕೊಳ್ಳಿ ಅಂದನಂತೆ. ಇದು ಅಪ್ಪನಿಂದ ಮಗನಿಗೆ ಬರೋ ವಿದ್ಯೆ ಕಣಪ್ಪ, ಹೊರಗಿನೋರಿಗೆ ಇಲ್ಲ ಅಂತ ಅವನು ಅಂದ. ಇವನು ಬಿಡಾರದ ಮುಂದೆ ಕೂತೋನು ಏಳಲೇ ಇಲ್ಲವಂತೆ.

ಕೊನೆಗೆ ಗುರುಪಾದಯ್ಯನಿಗೇ ಸಾಕಾಗಿ, ನಿಮ್ಮೂರಲ್ಲೇ ಮೂರು ವೇಷ ಹಾಕು, ಮೂರು ಮನೆಗೆ ಹೋಗು, ಮೊದಲಿನ ಎರಡು ಕಲಿಯೋಕೆ, ಮೂರನೇದು ನಿಮ್ಮ ಮನೇದೇ, ಒಳಗೆ ಹೋಗಿ ನೀರು ಕುಡಿದು ಬರಬೇಕು, ನಿಮ್ಮವ್ವ ಗುರುತು ಹಿಡೀದಿದ್ರೆ ನೀನು ನಮ್ಮೋನು, ಹಿಡಿದ್ರೆ ಹೋಗಿ ಹಗ್ಗ ಹಿಡ್ಕೋ ಅಂದನಂತೆ. ಹೊನ್ನಕ್ಕನಿಗೆ ಸುದ್ದಿ ಮುಟ್ಟಿತು. ಮಗ ಬಾಗಿಲು ಬಾಗಿಲು ಅಲೆಯೋದು ಅವಳಿಗೆ ಚೂರೂ ಇಷ್ಟ ಇರಲಿಲ್ಲ. ಬರಲಿ, ಕಿವಿ ಹಿಡಿದು ಒಳಗೆ ಕೂರಿಸ್ತೀನಿ ಅಂತ ಬೀದಿಗೆಲ್ಲ ಕೇಳೋ ಹಾಗೆ ಹೇಳಿದಳಂತೆ.

ಆಮೇಲೆ ಚೆನ್ನಿಗ ಬಳೆಗಾರನಾಗಿ ಅದೇ ಊರಿನ ಕೆಂಚಮ್ಮ ಅನ್ನೋಳ ಮನೆಗೆ ಹೋದ. ಪೇಟ ಚೆನ್ನಾಗಿತ್ತು, ಕೂಗೂ ಚೆನ್ನಾಗಿತ್ತು. ಬಳೆ ಇಡೋಕೆ ಅಂತ ಅವಳ ಕೈ ಹಿಡಿದ ನೋಡು, ಅಲ್ಲಿಗೆ ಕೆಡ್ತು. ಬಳೆಗಾರರ ಕೈ ಮೆತ್ತಗಿರುತ್ತೆ ಕಣೋ, ಇದು ನಾರು ತಿಕ್ಕಿದ ಕೈ, ಎದ್ದು ಹೋಗು ಚೆನ್ನಿಗ ಅಂತ ಕೆಂಚಮ್ಮ ನಕ್ಕುಬಿಟ್ಟಳಂತೆ. ಇವನು ಹೋಗಿ ಕೈಗೆ ಎಣ್ಣೆ ಹಚ್ಚಿಕೊಂಡು ಕೂತ.

ಆಮೇಲೆ ಕೊರವಂಜಿ ವೇಷ. ಸೀರೆ ಉಟ್ಟು, ಬುಟ್ಟಿ ಹೊತ್ತು, ಕಣಿ ಹೇಳ್ತೀನಿ ಅಂತ ಸೋದರಮಾವನ ಮನೆಗೇ ಹೋದನಂತೆ. ಆ ಬೀದೀಲಿ ಎಲ್ಲಾ ಮನೆ ಬಾಗಿಲೂ ಗಿಡ್ಡ, ಇವರ ಮನೇದೂ ಸೇರಿ. ಇವನು ಹುಟ್ಟಿದಾಗಿಂದ ಓಡಾಡಿದೋನು, ತಲೆ ತಾನಾಗೇ ಬಗ್ಗಿತು, ಸಲೀಸಾಗಿ ಒಳಗೆ ಹೋದ. ಮಾವ ಎಲೆ ಅಡಿಕೆ ಹಾಕ್ಕೊಳ್ತಾ, ಈ ಬಾಗಿಲಿಗೆ ಹಣೆ ಚಚ್ಚಿಕೊಳ್ಳದೆ ಬಂದ ಹೊಸಬರನ್ನ ನಾನು ಕಂಡಿಲ್ಲ ಚೆನ್ನಿಗ, ಕೂತ್ಕೋ, ಮಜ್ಜಿಗೆ ಕುಡಿ ಅಂದನಂತೆ. ಮಜ್ಜಿಗೆ ಕುಡಿಯುವಾಗ ಇವನಿಗೆ ಅಳುವೇ ಬಂದಿತ್ತು.

ಉಳಿದಿದ್ದು ಒಂದೇ. ಬುಡುಬುಡುಕೆಯೋನ ವೇಷ ಹಾಕಿದ. ಮುಖಕ್ಕೆ ಬಣ್ಣ, ಮೈಗೆ ಹಳೇ ಕೋಟು, ಗಂಟಲು ಒಡೆದ ಹಾಗೆ ಮಾತು. ಹೊನ್ನಕ್ಕ ಒಳಗೆ ಅಕ್ಕಿ ಕೇರ್ತಿದ್ದಳು, ಬೀದಿ ತುಂಬ ಜನ, ಬೇವಿನ ಮರದ ಕೆಳಗೆ ಗುರುಪಾದಯ್ಯ. ನೀರು ಕೊಡು ತಾಯಿ ಅಂತ ಇವನು ಹೆಜ್ಜೆ ಇಟ್ಟ. ತಲೆ ಬಗ್ಗಿಸಲಿಲ್ಲ. ಬೇಕಂತಲೇ ಹಣೇನ ಬಾಗಿಲ ಮರಕ್ಕೆ ಕೊಟ್ಟ, ಆ ಸದ್ದು ಆಚೆ ಮನೆಗೂ ಕೇಳಿಸ್ತಂತೆ.

ಚಿಕ್ಕಂದಿನಿಂದ ಚೆನ್ನಿಗ ಪೆಟ್ಟು ಬಿದ್ರೆ ಅಳೋನಲ್ಲ, ಕೆಳತುಟಿ ಕಚ್ಚೋನು. ಆಗಲೂ ಕಚ್ಚಿದ. ಹೊನ್ನಕ್ಕ ನೋಡಿದಳು. ಉಜ್ಜೋಣ ಅಂತ ಅವಳ ಕೈ ಮೇಲೆ ಹೋಯ್ತಂತೆ, ಅರ್ಧಕ್ಕೇ ನಿಂತು ಸೆರಗು ಸರಿ ಮಾಡ್ಕೊಳ್ತು. ಬಾಗಿಲು ಗಿಡ್ಡ, ಹೊಸಬರಿಗೆ ಗೊತ್ತಾಗಲ್ಲಪ್ಪ ಅಂತ ಹೇಳಿ ನೀರು ಕೊಟ್ಟಳು, ಒಳಗೆ ಹೋಗಿ ಬಂದು ಜೋಳಿಗೆಗೆ ರಾಗಿ ಹಾಕಿದಳು. ಯಾರವ್ವ ಬಂದಿದ್ದು, ಗುರುತು ಸಿಕ್ತಾ ಅಂತ ಗುರುಪಾದಯ್ಯ ದೂರದಿಂದಲೇ ಕೇಳಿದ.

"ಯಾರೋ ದಾರಿಹೋಕ," ಅಂದಳಂತೆ ಹೊನ್ನಕ್ಕ. "ನಮ್ಮೋನಲ್ಲ."

ಜನ ಹೋ ಅಂತ ಕೂಗಿದ್ರು. ಚೆನ್ನಿಗ ಕುಣೀತಾ ಬಿಡಾರಕ್ಕೆ ಬಂದು ಜೋಳಿಗೆ ಸುರಿದ್ರೆ, ರಾಗಿ ಜೊತೆ ಒಂದು ಎಲೆ ಪೊಟ್ಟಣ ಬಿತ್ತು. ಬಿಚ್ಚಿದ್ರೆ ಸುಣ್ಣ ಹಾಕಿ ಕಲಸಿದ ಹಸಿ ಅರಿಶಿನ. ಪೆಟ್ಟು ಬಿದ್ದ ಜಾಗಕ್ಕೆ ಹಚ್ಚೋದು. ಅಷ್ಟು ಹೊತ್ತಿನ ಕುಣಿತ ಎಲ್ಲಾ ಇಳಿದು, ಅವ್ವಾ ಅಂತ ಎದ್ದು ಓಡೋಕೆ ಹೋದನಂತೆ. ಗುರುಪಾದಯ್ಯ ಅವನ ಕೋಟಿನ ತುದಿ ಹಿಡಿದ.

"ಅವಳು ಆಟ ಕೆಡಿಸಲಿಲ್ಲ. ನೀನೂ ಕೆಡಿಸಬೇಡ. ಕೂತ್ಕೊಂಡು ಹಚ್ಕೋ."

ಹೂಂ ಕಣೇ, ಅವಳಿಗೆ ಗೊತ್ತಾಗಿತ್ತು, ಹೆತ್ತೋಳಲ್ವಾ. ಕಿವಿ ಹಿಡಿದು ಕೂರಿಸಬಹುದಾಗಿತ್ತು, ಕೂರಿಸಲಿಲ್ಲ. ಆಮೇಲೆ ಅಕ್ಕಿ ಕೇರೋಕೂ ಆಗದೆ ಕೂತಿದ್ದಳಂತೆ, ಸಂಕಟ ಆಗದೆ ಇರುತ್ತಾ.

ಆ ವೇಷದೋರಲ್ಲಿ ಒಂದು ಪದ್ಧತಿ. ಊರು ಬಿಡೋ ದಿನ ಎಲ್ರೂ ಬಣ್ಣ ತೊಳ್ಕೊಂಡು, ಬರೀ ಮುಖದಲ್ಲಿ ಮನೆ ಮನೆಗೆ ಹೋಗಿ, ಇಷ್ಟು ದಿನ ಬಂದೋರು ನಾವೇ ಅಂತ ಹೇಳಿ ಕೊಟ್ಟದ್ದು ಇಸ್ಕೋತಾರೆ. ಚೆನ್ನಿಗನೂ ಅವರ ಸಾಲಲ್ಲೇ ಬಂದ. ಹೊನ್ನಕ್ಕ ಹೊಸಲು ದಾಟಿ ಬೀದಿಗೇ ಬಂದು, ಯಾರು ಏನಂದ್ರೂ ಸರಿ ಅಂತ, ಚೆನ್ನಿಗಾ ಅಂತ ಹೆಸರು ಹಿಡಿದು ಕರೆದಳಂತೆ. ಹಣೆ ಸವರಿ, ಬಾವು ಇಳಿದಿದೆ, ಹೋಗಿ ಬಾ ಅಂದಳಂತೆ. ಅವನು ಹೋದ, ಊರೂರು ಆಡಿದ, ಹೆಸರು ಮಾಡಿದ, ವರ್ಷಕ್ಕೊಂದು ಸಲ ಬಂದು ಹೋದ, ಎಲ್ರೂ ಚೆನ್ನಾಗಿದ್ರು. ಕತೆ ಮುಗೀತು, ಕಣ್ಣು ಮುಚ್ಚು.